ಮುಕ್ತ ಸಿಎಂಎಸ್ ಕಟ್ಟಿದ ಮೇಲೆ: ಪರವಾನಗಿ, ಬೆಲೆ ಮತ್ತು ಬಿಡುಗಡೆಯ ಆಯ್ಕೆಗಳ ಹೋಲಿಕೆ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಕುಮಟಾ, ಕಾರವಾರದಂತಹ ಊರುಗಳಲ್ಲಿ ಕುಳಿತು ತಂತ್ರಾಂಶ ಬರೆಯುವ ಸಣ್ಣ ತಂಡಗಳು ಈಗ ಅಪರೂಪವೇನಲ್ಲ. ಅಂತಹ ಒಂದು ತಂಡ ಕನ್ನಡಕ್ಕೆ ಹೊಂದುವ ಸಿಎಂಎಸ್ ಒಂದನ್ನು, ಅಂದರೆ ಜಾಲತಾಣದ ಬರಹ, ಚಿತ್ರ ಮತ್ತು ಪುಟಗಳನ್ನು ನಿರ್ವಹಿಸುವ ತಂತ್ರಾಂಶವನ್ನು, ಯಾರು ಬೇಕಾದರೂ ಕೋಡನ್ನು ಓದಿ, ಬಳಸಿ, ಮಾರ್ಪಡಿಸುವಂತೆ ಮುಕ್ತವಾಗಿ ಬಿಡುಗಡೆ ಮಾಡುವ ಉದ್ದೇಶದಿಂದ ಕಟ್ಟಿದೆ ಎಂದಿಟ್ಟುಕೊಳ್ಳೋಣ. ಕೋಡ್ ಕೆಲಸ ಮಾಡುತ್ತಿದೆ, ಪರಿಚಯದವರ ಒಂದೆರಡು ತಾಣಗಳು ಅದರ ಮೇಲೆ ನಡೆಯುತ್ತಿವೆ, ಇನ್ನು ಅದರಿಂದ ಜೀವನ ಸಾಗಬೇಕು. ಯಾವ ಪರವಾನಗಿ, ಯಾವುದಕ್ಕೆ ಹಣ, ಎಷ್ಟು ಹಣ, ಯಾರ ಮುಂದೆ ಮೊದಲು ಇಡುವುದು ಎಂಬ ಪ್ರಶ್ನೆಗಳು ಈ ಹಂತದಲ್ಲಿ ಒಟ್ಟಿಗೇ ಎದುರಾಗುತ್ತವೆ, ಮತ್ತು ಒಂದಕ್ಕೆ ಕೊಟ್ಟ ಉತ್ತರ ಉಳಿದವುಗಳ ದಾರಿಯನ್ನು ನಿರ್ಧರಿಸಿಬಿಡುತ್ತದೆ.

ನನ್ನ ನಿಲುವನ್ನು ಮೊದಲೇ ತಿಳಿಸುತ್ತೇನೆ. ನಮ್ಮ ಜಿಲ್ಲೆಯಿಂದ ಹೊರಡುವ ತಂಡವು ಕೋಡನ್ನು ಪೂರ್ತಿಯಾಗಿ ಬಿಟ್ಟುಕೊಟ್ಟು, ತಾಣವನ್ನು ನಡೆಸಿಕೊಡುವ ಹೊಣೆಗೆ ವರ್ಷದ ಲೆಕ್ಕದಲ್ಲಿ ಹಣ ಪಡೆಯುವುದು ಉತ್ತಮ. ಉಳಿದ ದಾರಿಗಳಿಗೂ ಅವುಗಳದೇ ಬಲವಿದೆ. ಆದರೆ ಆ ಬಲ ಬೇರೆ ಊರಿನ, ಬೇರೆ ಗಾತ್ರದ ತಂಡಗಳಿಗೆ ಒದಗಿದಂತೆ ನಮಗೆ ಒದಗುವುದಿಲ್ಲ ಎಂಬುದು ನನ್ನ ವಾದ.

ವರ್ಡ್‌ಪ್ರೆಸ್ ಇರುವಾಗ ಇನ್ನೊಂದು ಏಕೆ

ಗ್ರಾಹಕ ಕೇಳುವ ಮೊದಲ ಪ್ರಶ್ನೆ ಇದು, ಮತ್ತು ಬೆಲೆಯ ಮಾತು ಶುರುವಾಗುವುದೂ ಇಲ್ಲಿಂದಲೇ. 2003ರ ಮೇ ತಿಂಗಳಲ್ಲಿ ಬಿಡುಗಡೆಯಾದ ವರ್ಡ್‌ಪ್ರೆಸ್ ಎಂಬ ಸಿಎಂಎಸ್ ಇಂದು ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚಿನವನ್ನು ನಡೆಸುತ್ತಿದೆ. ಅದು ಉಚಿತ, ಅದರ ಕೆಲಸ ಬಲ್ಲವರು ಪ್ರತಿ ಪೇಟೆಯಲ್ಲೂ ಸಿಗುತ್ತಾರೆ. ‘ನಮ್ಮದೂ ಉಚಿತ’ ಎನ್ನುವುದು ಅದರ ಎದುರು ಉತ್ತರವಾಗುವುದಿಲ್ಲ. ‘ನಮ್ಮದು ಕನ್ನಡದ್ದು’ ಎಂಬಷ್ಟಕ್ಕೂ ಯಾರೂ ಹಣ ಕೊಡುವುದಿಲ್ಲ. ಕನ್ನಡದಲ್ಲಿ ದಿನವೂ ಕೆಲಸ ಮಾಡುವವರಿಗೆ ಎಲ್ಲಿ ಅಡಚಣೆಯಾಗುತ್ತಿದೆ, ಅದನ್ನು ನಾವು ಹೇಗೆ ನಿವಾರಿಸಿದ್ದೇವೆ ಎಂಬುದನ್ನು ತೋರಿಸಬೇಕು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸುದ್ದಿತಾಣವೊಂದರಲ್ಲಿ ‘ಶಿರಸಿ ಮಾರುಕಟ್ಟೆಯಲ್ಲಿ ಅಡಿಕೆ ದರ’ ಎಂಬ ತಲೆಬರಹ ಕೊಟ್ಟು ವರದಿ ಪ್ರಕಟಿಸಿದರೆ, ವರ್ಡ್‌ಪ್ರೆಸ್ ಆ ತಲೆಬರಹದಿಂದಲೇ ಪುಟದ ವಿಳಾಸವನ್ನು ರೂಪಿಸುತ್ತದೆ. ಆ ತುಣುಕಿಗೆ ಅದು ಇಟ್ಟಿರುವ ಜಾಗ 200 ಅಕ್ಷರಗಳದ್ದು. ಇಂಗ್ಲಿಷ್ ತಲೆಬರಹಕ್ಕೆ ಅದು ಧಾರಾಳ. ಆದರೆ ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರವೂ, ಒಂದೊಂದು ಸ್ವರಚಿಹ್ನೆಯೂ, ಒತ್ತಕ್ಷರವನ್ನು ಜೋಡಿಸುವ ಹಲಂತವೂ ತಲಾ 3 ಬೈಟ್ ತೆಗೆದುಕೊಳ್ಳುತ್ತದೆ, ಮತ್ತು ವಿಳಾಸದಲ್ಲಿ ಬರೆಯುವಾಗ ಪ್ರತಿ ಬೈಟ್ ಶೇಕಡಾ ಚಿಹ್ನೆಯೊಂದಿಗೆ 3 ಅಕ್ಷರವಾಗಿ ಹಿಗ್ಗುತ್ತದೆ. ಹೀಗಾಗಿ ‘ಶಿರಸಿ’ ಎಂಬ ಪುಟ್ಟ ಹೆಸರಿಗೇ 45 ಅಕ್ಷರಗಳು ಖರ್ಚಾಗುತ್ತವೆ, ‘ಮಾರುಕಟ್ಟೆಯಲ್ಲಿ’ ಎಂಬುದಕ್ಕೆ 126. ಪದಗಳ ನಡುವಿನ ಗೆರೆಗಳನ್ನೂ ಸೇರಿಸಿ ಎಣಿಸಿದರೆ ‘ಅಡಿಕೆ’ ಬರುವಷ್ಟರಲ್ಲಿ ಉಳಿಯುವುದು 27 ಮಾತ್ರ, ಅದು ‘ಅಡಿ’ ಎಂಬಲ್ಲಿಗೆ ಮುಗಿದುಹೋಗುತ್ತದೆ. ಮರುದಿನವೂ ಅದೇ ತಲೆಬರಹದಿಂದ ದರಪಟ್ಟಿ ಹಾಕಿದರೆ ಅದೇ ತುಂಡಾದ ವಿಳಾಸದ ಬಾಲಕ್ಕೆ 2 ಎಂಬ ಅಂಕಿ ಅಂಟಿಕೊಳ್ಳುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಂಡ ಕೊಂಡಿಯು ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗಿ ಕಾಣಿಸಿದಾಗ ಓದುಗರು ಅದನ್ನು ಮೋಸದ ಕೊಂಡಿಯೆಂದು ಶಂಕಿಸುವುದು ಸಹಜ.

ಇನ್ನೊಂದು ಅಡಚಣೆ ನಮ್ಮ ಸಣ್ಣ ಪತ್ರಿಕೆಗಳದ್ದು. ಅಲ್ಲಿ ಇಂದಿಗೂ ಅನೇಕ ಕಡೆ ಪುಟವಿನ್ಯಾಸ ನಡೆಯುವುದು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ. ಆ ಪಠ್ಯವನ್ನು ಎತ್ತಿ ಜಾಲತಾಣಕ್ಕೆ ಹಾಕಿದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಮೂಡುತ್ತವೆ. ಪರಿವರ್ತಕಗಳು ಇವೆ, ಆದರೆ ಅರ್ಕಾವತ್ತಿನ ಬಳಿ ಅವು ಎಡವುವುದುಂಟು: ಹಳೆಯ ಫಾಂಟಿನಲ್ಲಿ ‘ಕಾರ್ಯ’ ಎಂಬಲ್ಲಿನ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ‘ಯ’ದ ನಂತರ ಕುಳಿತಿರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರವು ಮೊದಲು ಬರಬೇಕು. ಈ ಅದಲುಬದಲನ್ನು ಅಂಟಿಸುವ ಕ್ಷಣದಲ್ಲೇ ಸರಿಯಾಗಿ ಮಾಡಿಕೊಡುವ, ಪುಟದ ವಿಳಾಸವನ್ನು ಚಿಕ್ಕದಾಗಿಡುವ, ಮಳೆಗಾಲದಲ್ಲಿ ಕರೆಂಟು ಮತ್ತು ನೆಟ್‌ವರ್ಕ್ ಹೋದಾಗಲೂ ವರದಿಗಾರನ ಕರಡನ್ನು ಮೊಬೈಲಿನಲ್ಲೇ ಉಳಿಸಿಕೊಳ್ಳುವ ಸಿಎಂಎಸ್‌ಗೆ ಹಣ ಕೊಡಲು ಜನ ಒಪ್ಪುತ್ತಾರೆ.

ಪರವಾನಗಿ

ಎಂಐಟಿ ಪರವಾನಗಿ ಅತ್ಯಂತ ಸರಳ. ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡರೆ ಸಾಕು, ಯಾರು ಬೇಕಾದರೂ ನಿಮ್ಮ ಕೋಡನ್ನು ತೆಗೆದುಕೊಂಡು ತಮ್ಮ ಮುಚ್ಚಿದ ಉತ್ಪನ್ನದೊಳಗೆ ಸೇರಿಸಿಕೊಳ್ಳಬಹುದು. ಘೋಸ್ಟ್ ಎಂಬ ಪ್ರಸಿದ್ಧ ಪ್ರಕಟಣಾ ತಂತ್ರಾಂಶ ಇದನ್ನೇ ಆರಿಸಿಕೊಂಡಿದೆ. ವರ್ಡ್‌ಪ್ರೆಸ್ ಮತ್ತು ಡ್ರೂಪಲ್ ಎಂಬ ಇನ್ನೊಂದು ಸಿಎಂಎಸ್ ಜಿಪಿಎಲ್ ಪರವಾನಗಿಯ ಅಡಿಯಲ್ಲಿವೆ. ಅದರಲ್ಲಿ, ಮಾರ್ಪಡಿಸಿದ ತಂತ್ರಾಂಶವನ್ನು ಬೇರೆಯವರಿಗೆ ಹಂಚುವವನು ಅದರ ಮೂಲ ಕೋಡನ್ನೂ ಕೊಡಲೇಬೇಕು. ಆದರೆ ತಂತ್ರಾಂಶವನ್ನು ಹಂಚದೆ ತನ್ನದೇ ಸರ್ವರ್‌ನಲ್ಲಿಟ್ಟು ಸೇವೆಯಾಗಿ ಮಾರುವವನಿಗೆ ಆ ಕಟ್ಟುಪಾಡು ತಾಗುವುದಿಲ್ಲ. ಸಿಎಂಎಸ್ ಬಹುಪಾಲು ಬಳಕೆಯಾಗುವುದು ಹೀಗೆ ಸೇವೆಯ ರೂಪದಲ್ಲೇ ಆದ್ದರಿಂದ ಈ ಅಂತರ ಸಣ್ಣದಲ್ಲ. 2007ರಲ್ಲಿ ಬಂದ ಎಜಿಪಿಎಲ್‌ನ ಮೂರನೆಯ ಆವೃತ್ತಿ ಈ ಅಂತರವನ್ನೇ ಮುಚ್ಚುತ್ತದೆ: ಮಾರ್ಪಡಿಸಿದ ತಂತ್ರಾಂಶವನ್ನು ಜಾಲದ ಮೂಲಕ ಬಳಸಲು ಕೊಟ್ಟರೂ, ಬಳಸುವವರಿಗೆ ಮೂಲ ಸಿಗುವಂತೆ ಮಾಡಬೇಕು.

ನಾಲ್ಕನೆಯ ಗುಂಪು ಬಿಸಿನೆಸ್ ಸೋರ್ಸ್ ಲೈಸೆನ್ಸ್ ಮತ್ತು ಅದರ ಬಂಧುಗಳದ್ದು. ಕೋಡ್ ಓದಲು ಸಿಗುತ್ತದೆ, ಆದರೆ ವಾಣಿಜ್ಯ ಬಳಕೆಗೆ ಮಿತಿಯಿರುತ್ತದೆ, ಕೆಲವು ವರ್ಷಗಳ ನಂತರ ಆ ಮಿತಿ ತಾನಾಗಿ ಕಳಚುತ್ತದೆ. ಡೈರೆಕ್ಟಸ್ ಎಂಬ ಸಿಎಂಎಸ್ 2023ರಲ್ಲಿ ಜಿಪಿಎಲ್‌ನಿಂದ ಇದಕ್ಕೆ ಬದಲಾಯಿತು. ಅದೇ ವರ್ಷ ಹ್ಯಾಶಿಕಾರ್ಪ್ ಕಂಪನಿಯು ಸರ್ವರ್ ವ್ಯವಸ್ಥೆಗಳನ್ನು ಸಜ್ಜುಗೊಳಿಸುವ ತನ್ನ ತಂತ್ರಾಂಶ ಟೆರಾಫಾರ್ಮ್‌ಗೆ ಇದೇ ಪರವಾನಗಿ ಹಾಕಿದಾಗ, ಬಳಕೆದಾರರ ಸಮುದಾಯ ಹಳೆಯ ಕೋಡನ್ನು ತೆಗೆದುಕೊಂಡು ಓಪನ್‌ಟೋಫು ಎಂಬ ಬೇರೆ ಕವಲನ್ನೇ ಕಟ್ಟಿತು. ಮುಕ್ತವಾಗಿ ಆರಂಭಿಸಿ ಮಧ್ಯದಲ್ಲಿ ಬಾಗಿಲು ಹಾಕುವುದಕ್ಕೆ ತೆರಬೇಕಾದ ಬೆಲೆ ಅದು. ಮೊದಲ ದಿನವೇ ಬಿಗಿಯಾದ, ಆದರೆ ನಿಜವಾಗಿ ಮುಕ್ತವಾದ ಪರವಾನಗಿಯನ್ನು ಆರಿಸಿ ಅದರಲ್ಲೇ ನಿಲ್ಲುವುದು ಹೆಚ್ಚು ಗೌರವದ ದಾರಿ ಎಂದು ನಾನು ನಂಬಿದ್ದೇನೆ.

ನಮ್ಮ ಉದಾಹರಣೆಯ ತಂಡಕ್ಕೆ ನಾನು ಎಜಿಪಿಎಲ್ ಅನ್ನೇ ಸೂಚಿಸುತ್ತೇನೆ, ಒಂದು ವಿನಾಯಿತಿಯೊಂದಿಗೆ. ವಿನ್ಯಾಸಗಳನ್ನೂ ಸೇರ್ಪಡೆಗಳನ್ನೂ ಬರೆಯುವ ಹೊರಗಿನವರು ಎಜಿಪಿಎಲ್ ಹೆಸರಿಗೇ ಹಿಂಜರಿಯುವುದುಂಟು. ನಿಗದಿತ ಸಂಪರ್ಕಸಾಧನದ (ಎಪಿಐ) ಮೂಲಕ ಮಾತ್ರ ಸಿಎಂಎಸ್‌ನೊಂದಿಗೆ ಮಾತಾಡುವ ಸೇರ್ಪಡೆಗಳಿಗೆ ಈ ಷರತ್ತು ತಾಗುವುದಿಲ್ಲ ಎಂದು ಪರವಾನಗಿಯ ಜೊತೆಗೇ ಬರೆದಿಟ್ಟರೆ ಆ ಆತಂಕ ಹೋಗುತ್ತದೆ. ಎರಡು ಪರವಾನಗಿಗಳಲ್ಲಿ, ಅಂದರೆ ಎಲ್ಲರಿಗೂ ಮುಕ್ತವಾದದ್ದು ಮತ್ತು ಹಣ ಕೊಟ್ಟವರಿಗೆ ಬೇರೊಂದು ಎಂಬಂತೆ, ಮಾರುವ ಆಲೋಚನೆಯಿದ್ದರೆ, ಕೋಡ್ ಕೊಡುಗೆ ನೀಡುವ ಪ್ರತಿಯೊಬ್ಬರಿಂದಲೂ ಮೊದಲೇ ಲಿಖಿತ ಒಪ್ಪಿಗೆ ಪಡೆಯಬೇಕಾಗುತ್ತದೆ. ಇಬ್ಬರು ಮೂವರ ತಂಡಕ್ಕೆ ಆ ಹೊರೆ ಬೇಡ.

ಕೋಡ್ ಮುಕ್ತವಾಗಿರಬಹುದು, ಹೆಸರು ಹಾಗಲ್ಲ. ವರ್ಡ್‌ಪ್ರೆಸ್ ಹೆಸರಿನ ಬಳಕೆಯ ಕುರಿತು ಆಟೊಮ್ಯಾಟಿಕ್ ಮತ್ತು ಡಬ್ಲ್ಯೂಪಿ ಎಂಜಿನ್ ಕಂಪನಿಗಳ ನಡುವೆ 2024ರಲ್ಲಿ ಎದ್ದ ವ್ಯಾಜ್ಯ ಅಮೆರಿಕದ ನ್ಯಾಯಾಲಯದವರೆಗೆ ಹೋಯಿತು. ನಮ್ಮಲ್ಲಿ ಟ್ರೇಡ್‌ಮಾರ್ಕ್ ನೋಂದಣಿ 10 ವರ್ಷಗಳ ಅವಧಿಯದ್ದು, ನವೀಕರಿಸಬಹುದಾದದ್ದು. ಬಿಡುಗಡೆಗೆ ಮುನ್ನ ಅರ್ಜಿ ಹಾಕುವುದರ ಜೊತೆಗೆ, ಹೆಸರನ್ನು ಯಾರು ಹೇಗೆ ಬಳಸಬಹುದು ಎಂಬ ಒಂದು ಪುಟದ ನಿಯಮವನ್ನೂ ಪ್ರಕಟಿಸಬೇಕು.

ಹಣ ಯಾವುದಕ್ಕೆ

ದೇಣಿಗೆಯನ್ನು ನೆಚ್ಚಿಕೊಳ್ಳಬೇಡಿ. ಬಂದರೆ ಸಂತೋಷ, ಆದರೆ ಅದರ ಮೇಲೆ ಸಂಬಳದ ಲೆಕ್ಕ ಹಾಕಲಾಗದು. ಮುಕ್ತ ತಂತ್ರಾಂಶ ಯೋಜನೆಗಳಿಗೆ ನೆರವು ನೀಡಲು ಷೇರು ವಹಿವಾಟಿನ ಕಂಪನಿ ಝೆರೋಧಾ 2024ರಲ್ಲಿ ಘೋಷಿಸಿದ ನಿಧಿಯಂತಹವು ಇವೆ. ಅರ್ಜಿ ಹಾಕಿ ನೋಡಬಹುದು.

ಬೆಂಬಲ ಮತ್ತು ತರಬೇತಿಗೆ ಮಾತ್ರ ಹಣ ಪಡೆಯುವುದು ಎರಡನೆಯ ದಾರಿ. ಡ್ರೂಪಲ್ ಸುತ್ತ 2007ರಲ್ಲಿ ಹುಟ್ಟಿದ ಅಕ್ವಿಯಾ ಕಂಪನಿಯು ದೊಡ್ಡ ಸಂಸ್ಥೆಗಳಿಗೆ ಬೆಂಬಲ ನೀಡುತ್ತ ಬೆಳೆದದ್ದು ನಿಜ. ಆದರೆ ಅಂತಹ ಗ್ರಾಹಕರ ಬಳಿ ತಮ್ಮದೇ ತಾಂತ್ರಿಕ ಸಿಬ್ಬಂದಿ ಇರುತ್ತಾರೆ, ಅವರಿಗೆ ಬೇಕಿರುವುದು ಬೆನ್ನಿಗೊಬ್ಬ ತಜ್ಞ. ಸಿದ್ದಾಪುರದ ಸೇವಾ ಸಹಕಾರಿ ಸಂಘದಲ್ಲಾಗಲಿ, ಗೋಕರ್ಣದ ಹೋಮ್‌ಸ್ಟೇಯಲ್ಲಾಗಲಿ ಸರ್ವರ್ ನೋಡಿಕೊಳ್ಳುವವರೇ ಇರುವುದಿಲ್ಲ. ಅವರಿಗೆ ತಂತ್ರಾಂಶವನ್ನು ಕೊಟ್ಟು ‘ತೊಂದರೆಯಾದರೆ ಕರೆ ಮಾಡಿ’ ಎಂದರೆ ದಿನವೂ ಕರೆ ಬರುತ್ತದೆ, ಬಿಲ್ಲಿಗೆ ಮಾತ್ರ ಆಧಾರವಿರುವುದಿಲ್ಲ.

ಮೂರನೆಯದು ಓಪನ್ ಕೋರ್: ತಿರುಳು ಮುಕ್ತ, ಕೆಲವು ಸೌಲಭ್ಯಗಳು ಹಣ ಕೊಟ್ಟವರಿಗೆ ಮಾತ್ರ. ಸ್ಟ್ರಾಪಿ ಎಂಬ ಸಿಎಂಎಸ್ ಈ ಹಾದಿಯಲ್ಲಿದೆ, ದೊಡ್ಡ ಕಂಪನಿಗಳಿಗೆ ಬೇಕಾಗುವ, ಒಂದೇ ಲಾಗಿನ್‌ನಿಂದ ಎಲ್ಲ ತಂತ್ರಾಂಶಗಳಿಗೂ ಪ್ರವೇಶ ಕೊಡುವ ಸಿಂಗಲ್ ಸೈನ್-ಆನ್‌ನಂತಹ ಸೌಲಭ್ಯಗಳನ್ನು ಅದು ಪಾವತಿಯ ಕಡೆ ಇಟ್ಟಿದೆ. ದೊಡ್ಡ ಕಂಪನಿಗಳು ಗ್ರಾಹಕರಾಗಿದ್ದರೆ ಈ ವಿಂಗಡಣೆ ನ್ಯಾಯವಾಗಿಯೇ ಇರುತ್ತದೆ. ನಮ್ಮ ಕಡೆ ಹಾಗೆ ವಿಂಗಡಿಸಲು ಹೊರಟರೆ ಏನನ್ನು ತಡೆಹಿಡಿಯುವುದು? ಫಾಂಟ್ ಪರಿವರ್ತನೆಯನ್ನೋ, ಬ್ಯಾಕಪ್ಪನ್ನೋ ತಡೆಹಿಡಿದರೆ ಉಚಿತ ಆವೃತ್ತಿ ಕನ್ನಡದವರಿಗೇ ಕೆಲಸಕ್ಕೆ ಬಾರದಂತಾಗುತ್ತದೆ. ಸಣ್ಣವರಿಗೆ ಬೇಕಾದದ್ದನ್ನು ಬಚ್ಚಿಟ್ಟು ಮಾರುವ ಮುಕ್ತ ತಂತ್ರಾಂಶದ ಬಗ್ಗೆ ನನಗೆ ಸಮ್ಮತಿಯಿಲ್ಲ. ಇದು ಭಾವನೆಯ ಮಾತು ಮಾತ್ರವಲ್ಲ. ತಂಡದೊಳಗೆ ಪ್ರತಿ ಹೊಸ ಸೌಲಭ್ಯ ಬಂದಾಗಲೂ ಅದನ್ನು ಯಾವ ಕಡೆ ಇಡುವುದೆಂಬ ಜಗಳ ಹುಟ್ಟುತ್ತದೆ, ಹೊರಗಿನ ಕೊಡುಗೆದಾರರೊಬ್ಬರು ಅದೇ ಸೌಲಭ್ಯವನ್ನು ಬರೆದು ಕಳುಹಿಸಿದರೆ ಅದನ್ನು ನಿರಾಕರಿಸಲು ನೆಪ ಹುಡುಕಬೇಕಾಗುತ್ತದೆ.

ನಾಲ್ಕನೆಯದು ಹೋಸ್ಟಿಂಗ್ ಸಹಿತ ನಿರ್ವಹಣೆ, ಅಂದರೆ ತಾಣವನ್ನು ನಮ್ಮ ಸರ್ವರ್‌ನಲ್ಲಿಟ್ಟು ನಡೆಸಿಕೊಡುವುದು. ಕೋಡ್ ಎಲ್ಲರಿಗೂ ಒಂದೇ. ತಾನೇ ನಡೆಸಿಕೊಳ್ಳಬಲ್ಲವನು ನಡೆಸಿಕೊಳ್ಳಲಿ, ಉಳಿದವರಿಗೆ ಸರ್ವರ್, ಬ್ಯಾಕಪ್, ಭದ್ರತಾ ಪರಿಷ್ಕರಣೆ ಮತ್ತು ಕನ್ನಡದಲ್ಲಿ ಫೋನ್ ಎತ್ತುವ ಒಬ್ಬರು, ಎಲ್ಲ ಸೇರಿ ಒಂದು ಶುಲ್ಕ. ಘೋಸ್ಟ್ ಯೋಜನೆ 2013ರಲ್ಲಿ ಜನರಿಂದ ಹಣ ಸಂಗ್ರಹಿಸುವ ತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ 25,000 ಪೌಂಡ್ ಕೇಳಿ 1.96 ಲಕ್ಷಕ್ಕೂ ಹೆಚ್ಚು ಪೌಂಡ್ ಸಂಗ್ರಹಿಸಿದ ನಂತರ, ಲಾಭರಹಿತ ಪ್ರತಿಷ್ಠಾನದ ರೂಪದಲ್ಲಿ ಈ ಬಗೆಯ ಹೋಸ್ಟಿಂಗ್ ಆದಾಯದಿಂದಲೇ ನಡೆದುಬಂದಿದೆ. ನಮ್ಮ ದೇಶದಲ್ಲಿ ಮುಂಬೈಯ ಫ್ರಾಪ್ಪೆ ಕಂಪನಿ ವ್ಯವಹಾರ ನಿರ್ವಹಣೆಯ ಇಆರ್‌ಪಿನೆಕ್ಸ್ಟ್ ತಂತ್ರಾಂಶವನ್ನು ಜಿಪಿಎಲ್ ಅಡಿ ಪೂರ್ತಿ ಮುಕ್ತವಾಗಿಟ್ಟು, ತನ್ನ ಕ್ಲೌಡ್ ಸೇವೆಗೆ ಹಣ ಪಡೆಯುತ್ತದೆ. ಈ ದಾರಿಯ ಕಷ್ಟವೂ ಸ್ಪಷ್ಟವಾಗಿರಲಿ. ರಾತ್ರಿ ಸರ್ವರ್ ನಿಂತರೆ ಏಳಬೇಕಾದವರು ನೀವೇ. ಶಿರಸಿಯಲ್ಲಿ ಮಳೆಗಾಲದ ರಾತ್ರಿ ನಿಮ್ಮ ಮನೆಯ ಸಂಪರ್ಕವೇ ಕಡಿದಿರಬಹುದು. ಆದ್ದರಿಂದ ತಂಡದಲ್ಲಿ ಒಬ್ಬರಾದರೂ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುವುದು, ಅಥವಾ ಎರಡು ಬೇರೆ ಬೇರೆ ಸಂಪರ್ಕಗಳನ್ನು ಇಟ್ಟುಕೊಳ್ಳುವುದು ವೆಚ್ಚದ ಭಾಗವೇ ಆಗುತ್ತದೆ.

ಯಾವ ಅಳತೆಯಲ್ಲಿ, ಎಷ್ಟು

ಬಳಕೆದಾರರ ಎಣಿಕೆಯ ಮೇಲೆ ಶುಲ್ಕ ಹಾಕುವುದು ವಿದೇಶಿ ಸೇವೆಗಳಲ್ಲಿ ಸಾಮಾನ್ಯ. ಸಂಘದ ಕಚೇರಿಯಲ್ಲಿ ಅದು ತಂದೊಡ್ಡುವ ಪರಿಣಾಮ ಬೇರೆ. ತಲೆಗಿಷ್ಟು ಎಂದ ಕೂಡಲೇ ಐದು ಜನ ಒಂದೇ ಪಾಸ್‌ವರ್ಡ್ ಹಂಚಿಕೊಳ್ಳುತ್ತಾರೆ, ಅದು ಮೇಜಿನ ಗಾಜಿನಡಿಯ ಚೀಟಿಯಲ್ಲಿರುತ್ತದೆ, ದರಪಟ್ಟಿಯಲ್ಲಿ ತಪ್ಪು ಅಂಕಿ ಹಾಕಿದವರು ಯಾರೆಂದು ತಿಳಿಯುವ ದಾರಿಯೇ ಇರುವುದಿಲ್ಲ. ಭದ್ರತೆಯನ್ನು ಕೆಡಿಸುವಂತೆ ಗ್ರಾಹಕರನ್ನು ನಾವೇ ದೂಡಿದಂತಾಗುತ್ತದೆ.

ಓದುಗರ ಭೇಟಿಯ ಎಣಿಕೆಯೂ ಸೂಕ್ತವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ, ರಸ್ತೆ ತೆರೆದಿದೆಯೇ, ತಮ್ಮವರು ಸುರಕ್ಷಿತವಾಗಿದ್ದಾರೆಯೇ ಎಂಬ ಸುದ್ದಿ ಜಿಲ್ಲೆಗೆಲ್ಲ ಬೇಕಿತ್ತು. ಅಂತಹ ದಿನ ಸ್ಥಳೀಯ ಸುದ್ದಿತಾಣವು ಓದುಗರು ಹೆಚ್ಚಿದರೆ ಬಿಲ್ಲು ಹೆಚ್ಚುತ್ತದೆಂದು ಅಂಜುವಂತಾಗಬಾರದು. ತಾಣಕ್ಕಿಷ್ಟು ಎಂಬ ನಿಶ್ಚಿತ ವಾರ್ಷಿಕ ಶುಲ್ಕವಿಟ್ಟು, ಏರಿಳಿತದ ಭಾರವನ್ನು ಎಲ್ಲ ಗ್ರಾಹಕರ ನಡುವೆ ನಾವೇ ಸರಿದೂಗಿಸುವುದು ಮೇಲು.

ತಿಂಗಳ ಕಂತೋ ವರ್ಷದ ಕಂತೋ ಎಂಬುದಕ್ಕೆ ಕರಾವಳಿಯ ಹಣದ ಹರಿವೇ ಉತ್ತರ ಹೇಳುತ್ತದೆ. ಹೋಮ್‌ಸ್ಟೇಗಳಿಗೆ ಆದಾಯ ಅಕ್ಟೋಬರ್‌ನಿಂದ ಮೇವರೆಗೆ, ಅಡಿಕೆ ಬೆಳೆಗಾರರಿಗೆ ಕೊನೆ ಕೊಯ್ಲಿನ ನಂತರ, ಸಂಘಗಳಿಗೆ ಆಡಳಿತ ಮಂಡಳಿಯ ಠರಾವು ಆದ ಮೇಲೆ. ಆಷಾಢದ ಮಳೆಯಲ್ಲಿ ತಿಂಗಳ ಕಂತು ಬಾಕಿಯಾಗಿ, ತಾಣ ನಿಲ್ಲಿಸಬೇಕೇ ಬೇಡವೇ ಎಂಬ ಮುಜುಗರ ಇಬ್ಬರಿಗೂ ಬೇಡ. ಕಾರ್ಡ್ ಮತ್ತು ಯುಪಿಐ ಮೂಲಕ ತಾನಾಗಿ ಕಡಿತವಾಗುವ ಕಂತುಗಳಿಗೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಸಾಮಾನ್ಯವಾಗಿ 15,000 ರೂಪಾಯಿಗಳ ಮಿತಿಯಿದೆ, ಅದಕ್ಕಿಂತ ಹೆಚ್ಚಾದರೆ ಪ್ರತಿ ಸಲವೂ ಗ್ರಾಹಕರು ದೃಢೀಕರಿಸಬೇಕು. ಸಂಘಗಳಂತೂ ಬಿಲ್ಲು ಕೊಟ್ಟ ಮೇಲೆ ಚೆಕ್ ಅಥವಾ ಎನ್‌ಇಎಫ್‌ಟಿ ಮೂಲಕವೇ ಪಾವತಿಸುತ್ತವೆ.

ಈಗ ಅಂಕಿಗಳು. ಇವು ಲೆಕ್ಕದ ಕ್ರಮ ತೋರಿಸಲು ಇಟ್ಟುಕೊಂಡ ಊಹೆಗಳು, ನಿಮ್ಮವನ್ನು ನೀವು ಹಾಕಿಕೊಳ್ಳಬೇಕು. ಇಬ್ಬರಿಗೆ ತಿಂಗಳಿಗೆ ತಲಾ 35,000 ರೂಪಾಯಿ ಎಂದರೆ ವರ್ಷಕ್ಕೆ 8.40 ಲಕ್ಷ. ಸರ್ವರ್‌ಗಳಿಗೂ ಬ್ಯಾಕಪ್ಪಿಗೂ ವರ್ಷಕ್ಕೆ 96,000. ಒಟ್ಟು 9.36 ಲಕ್ಷ. ಇನ್ನು ಬರುವ ಕಡೆ: 40 ಹೋಮ್‌ಸ್ಟೇ ಮತ್ತು ಅಂಗಡಿಗಳಿಂದ ತಲಾ 6,000, 20 ಸಂಘ-ಶಾಲೆಗಳಿಂದ ತಲಾ 18,000, 8 ಸುದ್ದಿತಾಣಗಳಿಂದ ತಲಾ 36,000. ಕೂಡಿದರೆ 8.88 ಲಕ್ಷ, ಅಂದರೆ 48,000 ಕೊರತೆ. ಈ ಕೊರತೆಯನ್ನು ಸಣ್ಣವರ ಶುಲ್ಕ ಏರಿಸಿ ತುಂಬಿಸಬಾರದು. ಹಳೆಯ ಸಂಚಿಕೆಗಳನ್ನು ನುಡಿಯಿಂದ ಯೂನಿಕೋಡ್‌ಗೆ ತಂದು ತಾಣಕ್ಕೇರಿಸುವ ಒಂದು ಸಲದ ಕೆಲಸಕ್ಕೆ 8 ಪತ್ರಿಕೆಗಳಿಂದ ತಲಾ 15,000 ಪಡೆದರೆ 1.20 ಲಕ್ಷ ಬರುತ್ತದೆ. ಆದರೆ ಅದು ಮರುವರ್ಷ ಬರುವುದಿಲ್ಲ ಎಂಬುದನ್ನು ನೆನಪಿಟ್ಟು, ಅಷ್ಟರೊಳಗೆ ಗ್ರಾಹಕರನ್ನು ಹೆಚ್ಚಿಸಿಕೊಳ್ಳಬೇಕು.

ಸೇವಾ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ. ದಾಟಿದ ದಿನ ಶೇಕಡಾ 18 ಸೇರುತ್ತದೆ. ನೋಂದಾಯಿತ ಸಂಸ್ಥೆಗಳಲ್ಲಿ ಅನೇಕವು ಅದನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಹೊಂದಿಸಿಕೊಳ್ಳಬಲ್ಲವು, ಸಣ್ಣ ಹೋಮ್‌ಸ್ಟೇಗೆ ಅದು ನೇರ ಹೊರೆ. ಮೊದಲಿನಿಂದಲೂ ಬೆಲೆಯನ್ನು ತೆರಿಗೆ ಸೇರಿಸಿದ ಅಂಕಿಯಾಗಿ ಯೋಚಿಸಿಟ್ಟುಕೊಂಡರೆ ಆಗ ಕಷ್ಟವಾಗದು. ನಿಮ್ಮ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿಕೊಳ್ಳಿ.

ಬಿಡುಗಡೆ ಯಾರ ಮುಂದೆ, ಯಾವಾಗ

ಜಗತ್ತಿನೆದುರು ಒಂದೇ ದಿನ ದೊಡ್ಡದಾಗಿ ಬಿಡುಗಡೆ ಮಾಡುವುದರಿಂದ ಕೋಡ್ ನೋಡುವ ಕಣ್ಣುಗಳು ಸಿಗುತ್ತವೆ, ತಪ್ಪುಗಳು ಬೇಗ ಬಯಲಾಗುತ್ತವೆ, ಕೊಡುಗೆದಾರರೂ ಬರಬಹುದು. ಆದರೆ ಹಾಗೆ ಬಂದವರಲ್ಲಿ ಹೆಚ್ಚಿನವರು ತಾವೇ ತಂತ್ರಾಂಶವನ್ನು ನಡೆಸಿಕೊಳ್ಳಬಲ್ಲವರು, ವಾರ್ಷಿಕ ಶುಲ್ಕ ಕೊಡುವವರಲ್ಲ. ಹೂಡಿಕೆದಾರರ ಹಣ ತಂದು ಬಿಡುಗಡೆ ಮಾಡುವುದು ಇನ್ನೊಂದು ಬಗೆ. ಅವರು ಬಯಸುವ ವೇಗಕ್ಕೆ ಮೇಲಿನ ಲೆಕ್ಕ ಯಾವತ್ತೂ ಸಾಲದು, ಆಗ ಪರವಾನಗಿಯನ್ನು ಬಿಗಿಗೊಳಿಸುವ ಒತ್ತಡ ಬರುತ್ತದೆ. ಹಣಕ್ಕಿಂತ ಮಾರ್ಗದರ್ಶನ ಬೇಕಿದ್ದರೆ ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್ ನಮಗೆ ಹತ್ತಿರದಲ್ಲಿದೆ. ಸರ್ಕಾರಿ ಇಲಾಖೆಗಳು ಮುಕ್ತ ತಂತ್ರಾಂಶ ಬಳಸಬೇಕೆಂಬ ಕೇಂದ್ರದ ನೀತಿ 2015ರಿಂದ ಇದೆಯಾದರೂ, ಟೆಂಡರ್ ಮತ್ತು ಬಿಲ್ಲಿನ ಕಾಯುವಿಕೆಯನ್ನು ಮೊದಲ ವರ್ಷವೇ ತಾಳಿಕೊಳ್ಳುವ ಶಕ್ತಿ ಸಣ್ಣ ತಂಡಕ್ಕಿರುವುದಿಲ್ಲ.

ಆದ್ದರಿಂದ ಎರಡು ಹಂತದ ಬಿಡುಗಡೆ ಒಳ್ಳೆಯದು. ಮಳೆಗಾಲದಲ್ಲಿ ಒಂದು ಸುದ್ದಿತಾಣ, ಒಂದು ಸಹಕಾರಿ ಸಂಘ, ಒಂದೆರಡು ಹೋಮ್‌ಸ್ಟೇಗಳನ್ನು ಹಿಡಿದು, ಅವರ ಎದುರಿಗೇ ಕುಳಿತು ಬಳಕೆಯನ್ನು ಗಮನಿಸಬೇಕು. ಹೋಮ್‌ಸ್ಟೇಯವರಿಗೆ ಆಗ ಬಿಡುವಿರುತ್ತದೆ, ಸಂಘಗಳು ವಾರ್ಷಿಕ ಮಹಾಸಭೆಯ ತಯಾರಿಯಲ್ಲಿ ವರದಿಯನ್ನು ತಾಣಕ್ಕೇರಿಸುವ ಅಗತ್ಯದಲ್ಲಿರುತ್ತವೆ. ಈ ಮೊದಲ ಗ್ರಾಹಕರಿಗೆ ಉಚಿತವಾಗಿ ಕೊಡಬೇಡಿ. ಅರ್ಧ ಶುಲ್ಕವಾದರೂ ಪಡೆಯಿರಿ. ಹಣ ಕೊಟ್ಟವರು ದೂರನ್ನು ಸ್ಪಷ್ಟವಾಗಿ ಹೇಳುತ್ತಾರೆ, ಉಚಿತವಾಗಿ ಪಡೆದವರು ಸಂಕೋಚದಿಂದ ಸುಮ್ಮನಾಗುತ್ತಾರೆ. ಚೌತಿಯ ಹೊತ್ತಿಗೆ ಬೆಲೆಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸಿದರೆ ಪ್ರವಾಸಿ ಋತುವಿಗೆ ಮುನ್ನ ಹೊಸ ತಾಣ ಬೇಕೆನ್ನುವವರ ಕೈಗೆ ಅದು ಸಿಗುತ್ತದೆ. ಜಗತ್ತಿನೆದುರಿನ ಘೋಷಣೆ ಅದರ ನಂತರದ ಬೇಸಿಗೆಗೆ ಇರಲಿ. ಆ ವೇಳೆಗೆ ತೋರಿಸಲು ನಿಜವಾದ ತಾಣಗಳು, ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಓದಬಲ್ಲ ಕೈಪಿಡಿ ಸಿದ್ಧವಿರಬೇಕು.

ಬೆಲೆಪಟ್ಟಿಯ ಜೊತೆಗೇ ಗ್ರಾಹಕರಿಗೆ ಕೊಡುವ ಒಪ್ಪಂದದಲ್ಲಿ ಹೊರಹೋಗುವ ದಾರಿಯನ್ನು ಬರೆದಿಡುವುದು ಅಗತ್ಯ. ತಾಣದ ಡೊಮೇನ್ ಹೆಸರು ಗ್ರಾಹಕರ ಹೆಸರಿನಲ್ಲೇ ನೋಂದಣಿಯಾಗಬೇಕು. ಬಿಟ್ಟುಹೋಗುತ್ತೇನೆಂದವರಿಗೆ ಬರಹ, ಚಿತ್ರ ಮತ್ತು ಬಳಕೆದಾರರ ಪಟ್ಟಿ ಸಮೇತ ಪೂರ್ತಿ ದತ್ತಾಂಶವನ್ನು ಶುಲ್ಕವಿಲ್ಲದೆ, ವರ್ಡ್‌ಪ್ರೆಸ್ ಓದಬಲ್ಲ ರೂಪದಲ್ಲಿ, ಹದಿನೈದು ದಿನಗಳೊಳಗೆ ಕೊಡುತ್ತೇವೆ ಎಂಬ ಸಾಲು ಅದರಲ್ಲಿರಬೇಕು. ಕಂಪನಿಯೇ ಮುಚ್ಚುವ ಸಂದರ್ಭ ಬಂದರೆ ಮೂರು ತಿಂಗಳ ಮುನ್ಸೂಚನೆಯೊಂದಿಗೆ, ಉಳಿದ ಅವಧಿಯ ಶುಲ್ಕವನ್ನು ಹಿಂತಿರುಗಿಸಿ, ಗ್ರಾಹಕರು ಹೇಳಿದ ಸರ್ವರ್‌ಗೆ ತಾಣವನ್ನು ಸ್ಥಳಾಂತರಿಸಿ ಕೊಡುತ್ತೇವೆ ಎಂಬುದನ್ನೂ ಅಲ್ಲೇ ಸೇರಿಸಿ, ಮುಂಗಡವಾಗಿ ಬಂದ ವಾರ್ಷಿಕ ಶುಲ್ಕದಲ್ಲಿ ಅದಕ್ಕೆ ಸಾಕಾಗುವಷ್ಟು ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಟ್ಟುಕೊಳ್ಳಿ.